ಸದ್ದು ಜಾಸ್ತಿ, ಎಳೆತ ಕಮ್ಮಿ!

ಘೋಡಗೇರಿಯಿಂದ ಗೋಕಾಕಕ್ಕೋ ಹುಕ್ಕೇರಿಗೋ ಅಂಗಡಿ ಮಾಲು ಕಟ್ಟಿಕೊಂಡು ಹೋಗುವವರಿಗೆ ಗಾಡಿ ನಡುಗಬಾರದು, ಏರಿನಲ್ಲಿ ಜಗ್ಗಬೇಕು. ಅಷ್ಟೇ. ಅದಕ್ಕಂತ ಹಳೇ ಯೆಜ್ದಿಯ ಸೈಲೆನ್ಸರಿನೊಳಗಿನ ಬ್ಯಾಫಲ್ ಕಿತ್ತೆಸೆಯೋ ಚಟ ಕೆಲವರಿಗಿದೆ. ಸದ್ದು ಊರಿಗೆಲ್ಲ ಕೇಳುತ್ತದೆ, ಎಳೆತ ಮಾತ್ರ ಹೋಗುತ್ತದೆ!

ಗಾಡಿ ಮೈಸೂರಿನದು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ತಯಾರಿಕೆ ಶುರು ಮಾಡಿತು. ಆಮೇಲೆ ಯೆಜ್ದಿ ಹೆಸರು ಬಂತು, 1996ರಲ್ಲಿ ಬೀಗ ಬಿತ್ತು. ಸಿಲಿಂಡರ್ ಒಂದೇ, ಹೊಗೆ ಕೊಳವೆ ಎರಡು. ಟೂ-ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರ್ ಅಂದರೆ ಬರೀ ಸದ್ದಡಗಿಸುವ ಡಬ್ಬಿಯಲ್ಲ. ಹೊಗೆಯ ಜೊತೆ ಹೊರಗೋಡುವ ಹೊಸ ಪೆಟ್ರೋಲ್-ಗಾಳಿಯನ್ನು ಅಲ್ಲಿಂದ ಮರಳುವ ಒತ್ತಡದ ಅಲೆ ಸಿಲಿಂಡರಿಗೆ ವಾಪಸ್ ದೂಡುತ್ತದೆ. ಬ್ಯಾಫಲ್ ಹೋದರೆ ಆ ಲೆಕ್ಕ ತಪ್ಪಿತು. ತೆಗೆಯಬೇಕಾದದ್ದು ಅದಕ್ಕೆ ಮೆತ್ತಿದ ಮಸಿಯನ್ನು.

ಏರ್ ಫಿಲ್ಟರ್ ಬಿಚ್ಚಿ ಓಡಿಸುವುದು ಇನ್ನೂ ಕೆಟ್ಟದ್ದು. ಗಾಳಿ ಹೆಚ್ಚಿ ಪೆಟ್ರೋಲ್ ಕಮ್ಮಿಯಾದರೆ ಎಂಜಿನ್ ಕಾಯುತ್ತದೆ. ಪೆಟ್ರೋಲಿನ ಜೊತೆ ಹೋಗುವ ಆಯಿಲೂ ಕಮ್ಮಿಯೇ ತಾನೆ? ಪಿಸ್ಟನ್ ಹಿಡಿದರೆ ಬೋರಿಂಗ್ ಖರ್ಚು ತಲೆಮೇಲೆ. ಪ್ಲಗ್ ಬಿಚ್ಚಿ ನೋಡಿ: ತುದಿ ಕಾಫಿ ಬಣ್ಣವಿದ್ದರೆ ಸರಿ, ಬಿಳಚಿದ್ದರೆ ಕಾರ್ಬುರೇಟರ್ ಜೆಟ್ ತೋರಿಸಿ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ನಮೂದಿಸಿದ್ದಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿಬಿಟ್ಟಿದೆ.

ನಡುಕ ಜಾಸ್ತಿಯಾದವರು ಮೊದಲು ಎಂಜಿನ್ ಬೋಲ್ಟು, ಪಾಯಿಂಟ್ ಟೈಮಿಂಗು, ಚೈನು ನೋಡಿಸಲಿ. ಇದಕ್ಕೆ ಆರ್‌ಟಿಓ ತಕರಾರಿಲ್ಲ.