ಕ್ರೀಡಾ ಇಯರ್‌ಫೋನ್: ಸಗಟು ಕೊಳ್ಳುವ ಮುನ್ನ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಂತಹ ಹೋಬಳಿ ಕೇಂದ್ರಗಳ ಮೊಬೈಲ್ ವರ್ತಕರು ತಂತಿರಹಿತ ಕ್ರೀಡಾ ಇಯರ್‌ಫೋನ್‌ಗಳನ್ನು ಸಗಟಾಗಿ ಕೊಳ್ಳುವ ಮುನ್ನ ಪ್ರತಿ ಮಾದರಿಯನ್ನೂ ತಾವೇ ಧರಿಸಿ ನೋಡುವುದು ಒಳಿತು. ಅಂಗಡಿಯಲ್ಲಿ ನಿಂತು ಎರಡು ನಿಮಿಷ ಹಾಡು ಕೇಳಿದರೆ ಸಾಲದು. ತುದಿಯ ರಬ್ಬರ್ ಕಿವಿಗೆ ಸರಿಯಾಗಿ ಕೂರದಿದ್ದಲ್ಲಿ ಮಂದ್ರಧ್ವನಿ ಸೋರಿಹೋಗಿ ಉತ್ತಮ ಸಾಧನವೂ ಕಳಪೆಯೆನಿಸುತ್ತದೆ. ಆದುದರಿಂದ ಮೂರು ಅಳತೆಯ ರಬ್ಬರ್‌ಗಳುಳ್ಳ ಮಾದರಿಯನ್ನೇ ಆರಿಸಿ, ನಾಲ್ಕು ಹೆಜ್ಜೆ ಓಡಿ ಪರೀಕ್ಷಿಸಬೇಕು.

ಪೆಟ್ಟಿಗೆಯ ಮೇಲಿನ ‘ಐಪಿಎಕ್ಸ್ 4’ ನೀರಿನ ಎರಚಲನ್ನು ತಾಳುವ ಗುರುತು. ‘ಐಪಿಎಕ್ಸ್ 7’ ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ. ಆದರೆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಬೆವರು ಉಪ್ಪುನೀರು. ಚಾರ್ಜ್ ಮಾಡುವ ಲೋಹದ ಬಿಂದುಗಳು ಕಿಲುಬು ಹಿಡಿದು ಹಿಂದಿರುಗುವ ಸರಕೇ ವರ್ತಕನ ಲಾಭವನ್ನು ತಿನ್ನುವುದು. ಬದಲಿ ಕೊಡುವ ಷರತ್ತನ್ನು ಬರಹದಲ್ಲಿ ಪಡೆಯಿರಿ. ಬಿಐಎಸ್ ನೋಂದಣಿ ಸಂಖ್ಯೆಯಿಲ್ಲದ ಸರಕು ಬೇಡ.

ವಿದ್ಯುತ್ ಮಗ್ಗಗಳ ಈ ತಾಲ್ಲೂಕಿಗೆ ಇನ್ನೊಂದು ಮಾತು. ಮಗ್ಗದ ಸದ್ದಿಗೆ ರಕ್ಷಣೆಯೆಂದು ಇವನ್ನು ಕೇಳುವ ನೇಕಾರರಿಗೆ ಮಾರಬಾರದು. ಆ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್ ಮೀರುತ್ತದೆ. ಅದರ ನಡುವೆ ಹಾಡು ಕೇಳಿಸಲು ಧ್ವನಿಯನ್ನು ಇನ್ನೂ ಏರಿಸಬೇಕಾಗುತ್ತದೆ. ಅವರಿಗೆ ಬೇಕಾದುದು ಅಗ್ಗದ ಫೋಮ್ ಇಯರ್‌ಪ್ಲಗ್. ಷೆಡ್ಡಿನ ಮಾಲೀಕರೇ ಡಬ್ಬಿಗಟ್ಟಲೆ ಕೊಂಡು ಹಂಚಿದರೂ ಹೆಚ್ಚು ಖರ್ಚಾಗದು.