ಮೂರು ರಾಜ್ಯಗಳ ರಸ್ತೆ, ಒಂದು ಜಿಲ್ಲೆಯ ನ್ಯಾಯಮಂಡಳಿ

ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರ್ ಜಿಲ್ಲೆಯಲ್ಲಿ ಬಸ್ ಪ್ರಯಾಣವು ಬಹಳ ಸಲ ರಾಜ್ಯದ ಗಡಿ ದಾಟುವ ಪ್ರಯಾಣವೂ ಆಗಿರುತ್ತದೆ. ಬೀದರ್ ನಗರದಿಂದ ಜಹೀರಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಹೊರಟ ಬಸ್ಸು ಸ್ವಲ್ಪ ಹೊತ್ತಿನಲ್ಲಿಯೇ ತೆಲಂಗಾಣವನ್ನು ಸೇರುತ್ತದೆ. ಭಾಲ್ಕಿಯವರಿಗೆ ಉದಗೀರ್ ಮತ್ತು ಲಾತೂರು, ಔರಾದ್‌ನವರಿಗೆ ದೇಗಲೂರು ಮತ್ತು ನಾಂದೇಡ್ ಎಂಬವು ಸಂತೆ, ಆಸ್ಪತ್ರೆ, ಮದುವೆ, ಕೂಲಿಗಳ ನಿಮಿತ್ತ ನಿತ್ಯ ಬಳಕೆಯ ಊರುಗಳಾಗಿವೆ. ಹೀಗಾಗಿ ಈ ಭಾಗದಲ್ಲಿ ಬಸ್ ಅಪಘಾತದಲ್ಲಿ ಗಾಯಗೊಂಡವರ ಮುಂದೆ, ಪರಿಹಾರ ಎಷ್ಟು ಸಿಗುತ್ತದೆ ಎಂಬುದಕ್ಕೂ ಮೊದಲು, ಅದನ್ನು ಎಲ್ಲಿ ಕೇಳಬೇಕು ಎಂಬ ಪ್ರಶ್ನೆ ಏಳುತ್ತದೆ. ಬಸ್ಸು ಮಹಾರಾಷ್ಟ್ರದ್ದು, ಅಪಘಾತ ನಡೆದದ್ದು ತೆಲಂಗಾಣದಲ್ಲಿ, ಚಿಕಿತ್ಸೆ ಹೈದರಾಬಾದಿನಲ್ಲಿ, ಗಾಯಾಳುವಿನ ಮನೆ ಔರಾದ್ ತಾಲ್ಲೂಕಿನ ಹಳ್ಳಿಯಲ್ಲಿ ಎಂದಾದಾಗ ಪರರಾಜ್ಯದ ಕೋರ್ಟಿಗೆ ಅಲೆಯುವ ಭಯದಿಂದಲೇ ಹಕ್ಕನ್ನು ಕೈಬಿಡುವ ಅಪಾಯವಿರುತ್ತದೆ. ಆ ಭಯಕ್ಕೆ ಕಾನೂನಿನಲ್ಲಿ ಆಧಾರವಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮು ಪರಿಹಾರದ ಅರ್ಜಿಯನ್ನು ಸಲ್ಲಿಸಬಹುದಾದ ಸ್ಥಳಗಳನ್ನು ಅರ್ಜಿದಾರರ ಆಯ್ಕೆಗೇ ಬಿಟ್ಟಿದೆ. ಅಪಘಾತ ನಡೆದ ಸ್ಥಳ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳ, ಎದುರುದಾರರು ಇರುವ ಸ್ಥಳ, ಈ ಮೂರರಲ್ಲಿ ಯಾವುದಾದರೊಂದರ ಮೇಲೆ ಅಧಿಕಾರವುಳ್ಳ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಬಹುದು. ನ್ಯಾಯಮಂಡಳಿ ಎಂದರೆ ಬೇರೆಯದೇ ಕಟ್ಟಡವೆಂದು ಭಾವಿಸಬೇಕಾಗಿಲ್ಲ. ಕರ್ನಾಟಕದಲ್ಲಿ ಜಿಲ್ಲಾ ನ್ಯಾಯಾಧೀಶರೂ ಅನೇಕ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರೂ ಈ ಅಧಿಕಾರವನ್ನು ಚಲಾಯಿಸುತ್ತಾರೆ, ಮತ್ತು ಕೋರ್ಟಿನ ಆವರಣದಲ್ಲಿ ಇಂತಹ ಪ್ರಕರಣಗಳಿಗೆ ಎಂವಿಸಿ ಕೇಸ್ ಎಂಬ ಹೆಸರು ರೂಢವಾಗಿದೆ. ಪುಣೆಯಲ್ಲಿ ಕೂಲಿಗೆ ಹೋಗಿ ಅಲ್ಲಿನ ಬಸ್ಸಿನಡಿ ಕಾಲು ಕಳೆದುಕೊಂಡ ಔರಾದ್‌ನ ಕಾರ್ಮಿಕನು ಊರಿಗೆ ಮರಳಿ ತನ್ನ ಜಿಲ್ಲೆಯಲ್ಲಿಯೇ ಅರ್ಜಿ ಹಾಕಿದರೆ ಮಹಾರಾಷ್ಟ್ರದ ಸಾರಿಗೆ ನಿಗಮವೇ ಇಲ್ಲಿಗೆ ವಕೀಲರನ್ನು ಕಳುಹಿಸಬೇಕಾಗುತ್ತದೆ. ಗಡಿಜಿಲ್ಲೆಯ ಮಟ್ಟಿಗೆ ಕಾಯ್ದೆಯ ಇತರ ಎಷ್ಟೋ ಅನುಕೂಲಗಳಿಗಿಂತ ಇದು ದೊಡ್ಡದು.

ಯಾರ ವಿರುದ್ಧ ಅರ್ಜಿ ಎಂಬುದನ್ನು ನಿರ್ಧರಿಸುವಾಗ ಸರ್ಕಾರಿ ಬಸ್ಸಿಗೂ ಖಾಸಗಿ ಬಸ್ಸಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಬೀದರ್ ಸೀಮೆಯಲ್ಲಿ ಸರ್ಕಾರಿ ಬಸ್ಸಿನ ಇತಿಹಾಸ ಹಳೆಯದು: ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನವು 1932ರಲ್ಲಿ ತನ್ನ ರೈಲ್ವೆಯ ಅಂಗವಾಗಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನು ಆರಂಭಿಸಿತು, 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು, 2000ದಲ್ಲಿ ಕಲಬುರಗಿಯನ್ನು ಕೇಂದ್ರವಾಗಿಸಿಕೊಂಡು ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ರೂಪುಗೊಂಡು, 2021ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂಬ ಹೆಸರು ಪಡೆಯಿತು. ಕಾಯ್ದೆಯ 146ನೇ ಕಲಮಿನ ಪ್ರಕಾರ, ಪರಿಹಾರಕ್ಕೆಂದು ಪ್ರತ್ಯೇಕ ನಿಧಿಯನ್ನು ಇರಿಸಿಕೊಂಡ ಸರ್ಕಾರಿ ಸಾರಿಗೆ ಸಂಸ್ಥೆಗೆ ವಿಮೆಯಿಂದ ವಿನಾಯಿತಿ ನೀಡಬಹುದಾದ್ದರಿಂದ, ಅಂತಹ ಬಸ್ಸಿನ ಅಪಘಾತದಲ್ಲಿ ಮಾಲೀಕನೂ ಹಣ ಕೊಡಬೇಕಾದವನೂ ನಿಗಮವೇ ಆಗಿರುತ್ತದೆ. ಖಾಸಗಿ ಬಸ್ಸಿನಲ್ಲಾದರೆ ಮಾಲೀಕನ ಜೊತೆ ವಿಮಾ ಕಂಪನಿಯನ್ನೂ ಎದುರುದಾರನನ್ನಾಗಿಸಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅನುಮತಿಗಿಂತ ಬಹಳ ಹೆಚ್ಚು ಜನರನ್ನು ತುಂಬಿಕೊಂಡು ಉರುಳಿದ ಹಿಮಾಚಲ ಪ್ರದೇಶದ ಬಸ್ಸೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ, ವಿಮಾ ಕಂಪನಿಯ ಹೊಣೆ ಅನುಮತಿಸಿದ ಆಸನಗಳ ಸಂಖ್ಯೆಗೆ ಸೀಮಿತವೆಂದೂ ಉಳಿದದ್ದು ಮಾಲೀಕನದೆಂದೂ ತೀರ್ಪಿತ್ತಿತು. ಬಾಗಿಲಿಗೆ ನೇತಾಡುವಷ್ಟು ಜನ ತುಂಬಿದ ಖಾಸಗಿ ಬಸ್ಸುಗಳು ಓಡುವ ಮಾರ್ಗಗಳಲ್ಲಿ ಈ ತೀರ್ಪಿನ ಪರಿಣಾಮ ಗಾಯಾಳುವಿನ ಮೇಲೆಯೇ ಬೀಳುತ್ತದೆ, ಏಕೆಂದರೆ ಮಾಲೀಕನಿಂದ ವಸೂಲಿ ಮಾಡುವುದು ವಿಮಾ ಕಂಪನಿಯಿಂದ ಪಡೆಯುವಷ್ಟು ಸುಲಭವಲ್ಲ.

ಹುಮನಾಬಾದ್ ಬಳಿಯ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಬಸ್ಸಿಗೂ ಲಾರಿಗೂ ಡಿಕ್ಕಿಯಾದರೆ ತಪ್ಪು ಯಾರದೆಂದು ಪ್ರಯಾಣಿಕನು ನಿರ್ಣಯಿಸಬೇಕಾಗಿಲ್ಲ. ಎರಡು ವಾಹನಗಳ ಚಾಲಕರ ತಪ್ಪಿನಿಂದ ಮೂರನೆಯವನಿಗೆ ಗಾಯವಾಗುವುದನ್ನು ಸಂಯುಕ್ತ ನಿರ್ಲಕ್ಷ್ಯವೆನ್ನುತ್ತಾರೆ. ಇಂತಹ ಸಂದರ್ಭದಲ್ಲಿ ಎರಡರಲ್ಲಿ ಒಬ್ಬರಿಂದಲೇ ಪೂರ್ತಿ ಪರಿಹಾರ ಪಡೆಯಲು ಗಾಯಾಳು ಅರ್ಹನೆಂದು ಸುಪ್ರೀಂ ಕೋರ್ಟ್ 2015ರ ಖೆನ್ಯೇಯಿ ಪ್ರಕರಣದಲ್ಲಿ ಹೇಳಿದೆ. ಗಾಯಾಳುವಿನದೇ ತಪ್ಪಿನ ಪಾಲು ಇದ್ದರೆ ಅದು ಸಹಭಾಗಿ ನಿರ್ಲಕ್ಷ್ಯವೆನಿಸಿ ಪರಿಹಾರ ಆ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಬಸ್ಸಿಗೆ ಡಿಕ್ಕಿಯಾದ ಬೈಕ್ ಸವಾರರ ಪ್ರಕರಣಗಳಲ್ಲಿ ಈ ವಾದ ಹೆಚ್ಚಾಗಿ ಬರುತ್ತದೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಶೂನ್ಯ ದರದ ಟಿಕೆಟ್ ಪಡೆದು ಪ್ರಯಾಣಿಸುವ ಮಹಿಳೆಯರ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಹೊಣೆ ಹುಟ್ಟುವುದು ಚಾಲಕನ ನಿರ್ಲಕ್ಷ್ಯದಿಂದ; ದುಡ್ಡು ಕೊಡದೆ ಕುಳಿತವರಿಗೆ ಪರಿಹಾರದ ಹಕ್ಕಿಲ್ಲ ಎಂಬ ಮಾತಿಗೆ ಕಾಯ್ದೆಯಲ್ಲಿ ನೆಲೆಯಿಲ್ಲ. ಆದರೆ ಆ ಬಸ್ಸಿನಲ್ಲಿ ಪ್ರಯಾಣಿಸುತ್ತಿದ್ದುದಕ್ಕೆ ಆ ಚೀಟಿಯೇ ನೇರ ಸಾಕ್ಷ್ಯವಾದ್ದರಿಂದ ಅದನ್ನು ಜೋಪಾನ ಮಾಡಬೇಕು. ಸಾರಿಗೆ ನಿಗಮಗಳು ಟಿಕೆಟ್ ಹಣದಲ್ಲಿ ಸಣ್ಣ ಮೊತ್ತವನ್ನು ಸೇರಿಸಿ ನಡೆಸುವ ಅಪಘಾತ ಪರಿಹಾರ ನಿಧಿಯೂ, ಘಟನೆಯ ಬೆನ್ನಲ್ಲೇ ಸರ್ಕಾರ ಘೋಷಿಸುವ ನೆರವೂ ನ್ಯಾಯಮಂಡಳಿಯ ಪರಿಹಾರಕ್ಕೆ ಬದಲಿಯಲ್ಲ. ಅವನ್ನು ಪಡೆದ ಮೇಲೂ ಅರ್ಜಿಯ ಹಕ್ಕು ಉಳಿದಿರುತ್ತದೆ.

ಅರ್ಜಿಗೆ ಕಾಲಮಿತಿಯಿದೆ. 1994ರಲ್ಲಿ ತೆಗೆದುಹಾಕಲಾಗಿದ್ದ ಆರು ತಿಂಗಳ ಮಿತಿಯನ್ನು 2019ರ ತಿದ್ದುಪಡಿ ಮರಳಿ ತಂದಿದ್ದು, ಅದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮುರಿದ ತೊಡೆಯ ಮೂಳೆ ಕೂಡಲು ಹಲವು ತಿಂಗಳು ಬೇಕಾಗುವಾಗ, ಮನೆಯವರೆಲ್ಲ ಆಸ್ಪತ್ರೆಯ ಸಾಲ ತೀರಿಸುವುದರಲ್ಲಿ ಮುಳುಗಿರುವಾಗ, ಇದು ಬಡವರ ಮೇಲೆ ಹೇರಿದ ಕಠೋರ ನಿಯಮವೆನ್ನದೆ ವಿಧಿಯಿಲ್ಲ. ಇದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಮತ್ತು ವಿಳಂಬವೊಂದನ್ನೇ ಕಾರಣವಾಗಿಸಿ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಹಾಗಿದ್ದರೂ ಆರು ತಿಂಗಳೊಳಗೆ ಅರ್ಜಿ ಸಲ್ಲಿಸುವುದೇ ಕ್ಷೇಮ. ಅದೇ ತಿದ್ದುಪಡಿ ಪೊಲೀಸರ ಮೇಲೂ ಒಂದು ಕರ್ತವ್ಯವನ್ನು ಹೊರಿಸಿದೆ. 2022ರ ನಿಯಮಗಳ ಪ್ರಕಾರ ತನಿಖಾಧಿಕಾರಿಯು 48 ಗಂಟೆಗಳೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. 159ನೇ ಕಲಮಿನಡಿಯ ಈ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಲು 166ನೇ ಕಲಮು ಹೇಳುತ್ತದೆ. ಉತ್ತರ ಪ್ರದೇಶದ ಸಾರಿಗೆ ನಿಗಮವು ಕಕ್ಷಿಯಾಗಿದ್ದ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಡಿಸೆಂಬರ್ 15ರಂದು ಇದರ ಪಾಲನೆಗೆ ವಿವರವಾದ ನಿರ್ದೇಶನಗಳನ್ನು ನೀಡಿತು. ಗಾಯಾಳುವಿನ ಕಡೆಯವರು ಠಾಣೆಗೆ ಹೋಗಿ ಈ ವರದಿಯ ಪ್ರತಿಯನ್ನು ಕೇಳಿ ಪಡೆಯುವುದು ಅವರ ಹಕ್ಕು.

ಹಣ ಕೇಳುವ ದಾರಿಗಳು ಎರಡು. 164ನೇ ಕಲಮಿನಡಿ ಯಾರ ತಪ್ಪೆಂದು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯಬಹುದು. 166ನೇ ಕಲಮಿನಡಿ ನಿರ್ಲಕ್ಷ್ಯವನ್ನು ತೋರಿಸಿ, ಮಿತಿಯಿಲ್ಲದ, ಕಾಯ್ದೆಯ ಮಾತಿನಲ್ಲಿ ‘ನ್ಯಾಯಯುತ’ವಾದ ಪರಿಹಾರವನ್ನು ಕೇಳಬಹುದು. ಮೊದಲನೆಯದನ್ನು ವಿಮಾ ಕಂಪನಿಯ ಪ್ರಸ್ತಾವದ ಮೂಲಕ ಒಪ್ಪಿ ಪಡೆದರೆ ಎರಡನೆಯ ಅರ್ಜಿ ಅಲ್ಲಿಗೇ ಮುಗಿದುಹೋಗುತ್ತದೆ. ಕೈಬೆರಳು ಮುರಿದವರಿಗೂ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡವರಿಗೂ ಒಂದೇ 2.5 ಲಕ್ಷವೆಂಬುದನ್ನು ನೆನೆದರೆ, ಶಾಶ್ವತ ಅಂಗವೈಕಲ್ಯವಾದವರು ಅವಸರದಲ್ಲಿ ಸಹಿ ಹಾಕುವುದು ಎಷ್ಟು ದೊಡ್ಡ ನಷ್ಟವೆಂದು ತಿಳಿಯುತ್ತದೆ.

ಆ ನಷ್ಟವನ್ನು ಅಂಕಿಗಳಲ್ಲಿ ಬಿಡಿಸಿ ನೋಡುವುದು ಅವಶ್ಯ. ಗಾಯಾಳುವಿನ ಪರಿಹಾರದಲ್ಲಿ ಚಿಕಿತ್ಸೆಯ ವೆಚ್ಚ, ಮಲಗಿದ್ದ ಅವಧಿಯ ದುಡಿಮೆ, ಮುಂದಿನ ಚಿಕಿತ್ಸೆ, ಆರೈಕೆ ಮಾಡುವವರ ಖರ್ಚು, ನೋವು ಮತ್ತು ಬದುಕಿನ ಸುಖದ ನಷ್ಟ ಎಲ್ಲವೂ ಸೇರಿದರೂ, ಅಂಗವೈಕಲ್ಯ ಉಳಿದವರ ವಿಷಯದಲ್ಲಿ ಮೊತ್ತವನ್ನು ಹಿಗ್ಗಿಸುವುದು ಅಥವಾ ಕುಗ್ಗಿಸುವುದು ಭವಿಷ್ಯದ ಗಳಿಕೆಯ ನಷ್ಟವೆಂಬ ಬಾಬತ್ತು. ವಾರ್ಷಿಕ ಆದಾಯವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ, ಗಳಿಕೆಯ ಶಕ್ತಿ ಎಷ್ಟು ಶೇಕಡಾ ಕುಂದಿದೆಯೋ ಅಷ್ಟನ್ನು ಲೆಕ್ಕ ಹಾಕಲಾಗುತ್ತದೆ. ದೆಹಲಿ ಸಾರಿಗೆ ನಿಗಮದ ವಿರುದ್ಧದ ಸರಳಾ ವರ್ಮಾ ಪ್ರಕರಣದಲ್ಲಿ 2009ರಲ್ಲಿ ನಿಗದಿಯಾದ ಗುಣಕಗಳ ಪ್ರಕಾರ 31ರಿಂದ 35ರ ವಯಸ್ಸಿಗೆ 16, 46ರಿಂದ 50ಕ್ಕೆ 13, 65 ದಾಟಿದವರಿಗೆ 5. ಭಾಲ್ಕಿಯ 32 ವರ್ಷದ ಗೌಂಡಿಯೊಬ್ಬನ ಆದಾಯ ತಿಂಗಳಿಗೆ 12,000 ರೂಪಾಯಿ ಎಂದು ಉದಾಹರಣೆಗಾಗಿ ಇಟ್ಟುಕೊಂಡರೆ 16 ವರ್ಷಗಳ ಲೆಕ್ಕದಲ್ಲಿ 23,04,000 ರೂಪಾಯಿಯಾಗುತ್ತದೆ. ಗಳಿಕೆಯ ಶಕ್ತಿ ಶೇ 10ರಷ್ಟು ಕುಂದಿದೆಯೆಂದರೆ ಪರಿಹಾರ 2,30,400. ಶೇ 30 ಎಂದರೆ 6,91,200. ಸುಪ್ರೀಂ ಕೋರ್ಟ್ 2020ರ ಪಪ್ಪು ದೇವ್ ಯಾದವ್ ಪ್ರಕರಣದಲ್ಲಿ ಅಂಗವಿಕಲರಾದ ಗಾಯಾಳುಗಳಿಗೂ ಅನ್ವಯಿಸಿದ ಭವಿಷ್ಯದ ಆದಾಯವೃದ್ಧಿ, ಅಂದರೆ 40ರೊಳಗಿನ ಸ್ವಂತ ದುಡಿಮೆಯವರಿಗೆ ಶೇ 40, ಸೇರಿದರೆ ಇದೇ ಮೊತ್ತ 9,67,680 ಆಗುತ್ತದೆ.

ಆ ಶೇಕಡಾವಾರನ್ನು ತೀರ್ಮಾನಿಸುವುದು ವೈದ್ಯರ ಪ್ರಮಾಣಪತ್ರವೊಂದೇ ಅಲ್ಲ. 2010ರ ರಾಜಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಹದ ಊನಕ್ಕೂ ದುಡಿಮೆಯ ಊನಕ್ಕೂ ಇರುವ ಭೇದವನ್ನು ಸ್ಪಷ್ಟಪಡಿಸುತ್ತ, ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಗೆ ಗಳಿಕೆಯ ನಷ್ಟ ಹೆಚ್ಚುಕಡಿಮೆ ಪೂರ್ತಿಯಾಗಬಹುದು, ಸರ್ಕಾರಿ ಗುಮಾಸ್ತನಿಗೆ ಅದೇ ಗಾಯದಿಂದ ಕೆಲಸವೇ ಹೋಗದಿರಬಹುದು ಎಂದು ವಿವರಿಸಿತು. ಮೊಣಕಾಲು ಮಡಚಲಾಗದ ಗೌಂಡಿ ಏಣಿ ಹತ್ತಲಾರ, ಸೋಯಾ ಮತ್ತು ತೊಗರಿಯ ಹೊಲದಲ್ಲಿ ಕುಕ್ಕರಗಾಲಲ್ಲಿ ಕಳೆ ಕೀಳುವ ಹೆಂಗಸು ಕುಳಿತು ಏಳಲಾರಳು ಎಂಬುದನ್ನು ಸಾಕ್ಷ್ಯದಲ್ಲಿ ಬಿಡಿಸಿ ಹೇಳದಿದ್ದರೆ ಪ್ರಮಾಣಪತ್ರದ ಒಂದು ಅಂಕಿಯೇ ಬದುಕಿನ ಬೆಲೆಯಾಗಿಬಿಡುತ್ತದೆ. ಆದಾಯಕ್ಕೆ ಸಂಬಳದ ಚೀಟಿ ಇಲ್ಲದವರು ಪಹಣಿ, ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿದ ರಸೀದಿ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಕೆಲಸ ಕೊಟ್ಟವರ ಸಾಕ್ಷ್ಯ ಇವುಗಳನ್ನು ಒದಗಿಸಬಹುದು. ಏನೂ ಇಲ್ಲದಿದ್ದಾಗ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವು ಲೋಕ ಅದಾಲತ್‌ಗಾಗಿ ವರ್ಷವಾರು ಸಿದ್ಧಪಡಿಸಿದ ಅಂದಾಜು ಆದಾಯದ ಪಟ್ಟಿಯನ್ನು ಕೋರ್ಟುಗಳು ಆಧರಿಸುತ್ತವೆ. ಗೃಹಿಣಿಯ ಮನೆಗೆಲಸಕ್ಕೂ ಆದಾಯದ ಮೌಲ್ಯ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರ ಕೀರ್ತಿ ಪ್ರಕರಣದಲ್ಲಿ ಪುನರುಚ್ಚರಿಸಿದೆ. ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ನೀಡಲೂ ನ್ಯಾಯಮಂಡಳಿಗೆ ಅಧಿಕಾರವಿದೆಯೆಂಬುದು 2002ರ ನಾಗಪ್ಪ ಪ್ರಕರಣದ ತೀರ್ಪು.

ಗಡಿಜಿಲ್ಲೆಯ ನಿಜವಾದ ತೊಡಕು ಸಾಕ್ಷ್ಯ ಸಂಗ್ರಹದಲ್ಲಿದೆ. ಎಫ್‌ಐಆರ್ ಮತ್ತು ಸ್ಥಳ ಪಂಚನಾಮೆ ಮರಾಠಿಯಲ್ಲೋ ತೆಲುಗಿನಲ್ಲೋ ಇದ್ದರೆ ಭಾಷಾಂತರ ಬೇಕು. ಗಾಯದ ಪ್ರಮಾಣಪತ್ರ ಬೀದರ್‌ನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯದಾಗಿದ್ದು, ಶಸ್ತ್ರಚಿಕಿತ್ಸೆ ಹೈದರಾಬಾದಿನಲ್ಲಿಯೋ ಸೋಲಾಪುರದಲ್ಲಿಯೋ ಆಗಿದ್ದರೆ ಚಿಕಿತ್ಸೆ ಕೊಟ್ಟ ವೈದ್ಯರ ಸಾಕ್ಷ್ಯ ಪಡೆಯುವುದು ಕಷ್ಟವಾಗುತ್ತದೆ. ಸಾಕ್ಷ್ಯ ದಾಖಲಿಸಲು ಕಮಿಷನರನ್ನು ನೇಮಿಸುವಂತೆ ಕೋರ್ಟನ್ನು ಕೋರಬಹುದು. ಮೊದಲ ಆಸ್ಪತ್ರೆಯ ದಾಖಲೆಯಲ್ಲಿ ‘ಬಸ್ ಅಪಘಾತ’ ಎಂದು ಬರೆದಿದೆಯೇ ಎಂಬುದನ್ನು ಅಂದೇ ನೋಡಿಕೊಳ್ಳಬೇಕು. ಅಲ್ಲಿ ‘ಬಿದ್ದು ಪೆಟ್ಟು’ ಎಂದು ದಾಖಲಾಗಿದ್ದರೆ ಎದುರುದಾರರ ವಕೀಲರಿಗೆ ಅದೇ ದೊಡ್ಡ ಆಸರೆಯಾಗುತ್ತದೆ. ಆರಂಭದ ಚಿಕಿತ್ಸೆಗೆ, 2025ರ ಮೇ 5ರಂದು ಅಧಿಸೂಚಿಸಲಾದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದಿಂದ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯ ಮಿತಿಯಲ್ಲಿ ನೆರವು ದೊರೆಯುತ್ತದೆ.

ಚಾಲಕನ ವಿರುದ್ಧದ ಕ್ರಿಮಿನಲ್ ಪ್ರಕರಣ ಬೇರೆಯೇ ಹಾದಿಯದು. ಬಸ್ ಚಾಲಕ ಖುಲಾಸೆಯಾದನೆಂಬ ಕಾರಣಕ್ಕೆ ಪರಿಹಾರ ನಿರಾಕರಿಸಲಾಗದೆಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1980ರಲ್ಲಿಯೇ ಹೇಳಿದ್ದಾರೆ. ಗ್ರಾಹಕರ ವೇದಿಕೆಗೆ ಹೋಗುವ ಸಲಹೆ ಕೆಲವೊಮ್ಮೆ ಕೇಳಿಬಂದರೂ, ತಮಿಳುನಾಡಿನ ತಿರುವಳ್ಳುವರ್ ಸಾರಿಗೆ ನಿಗಮದ ಪ್ರಕರಣದಲ್ಲಿ 1995ರಲ್ಲಿ ಆ ಬಾಗಿಲು ಮುಚ್ಚಿದೆ. ಕರ್ತವ್ಯದಲ್ಲಿದ್ದಾಗ ಗಾಯಗೊಂಡ ಚಾಲಕ ಮತ್ತು ನಿರ್ವಾಹಕರಿಗೆ ಮಾತ್ರ ನೌಕರರ ಪರಿಹಾರದ ಕಾನೂನಿನ ದಾರಿಯೂ ಇದೆ. ಆದರೆ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಆದಾಯಮಿತಿಯೊಳಗಿನವರು 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಉಚಿತ ವಕೀಲರನ್ನು ಪಡೆಯಬಹುದು. ಬೀದರ್‌ನ ಜಿಲ್ಲಾ ಪ್ರಾಧಿಕಾರದಲ್ಲಿಯೂ ತಾಲ್ಲೂಕು ಸಮಿತಿಗಳಲ್ಲಿಯೂ ಇದಕ್ಕೆ ಅರ್ಜಿ ಕೊಡಬೇಕು. ಆಸ್ಪತ್ರೆಯ ಹಾಸಿಗೆಯ ಬಳಿಯೇ ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳುವ ಮಧ್ಯವರ್ತಿಗಳಿಗಿಂತ ಇದು ಸುರಕ್ಷಿತ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ, ಆದರೆ ಅದರ ಮೇಲೆ ಮೇಲ್ಮನವಿ ಇಲ್ಲವಾದ್ದರಿಂದ ಅಂಗವೈಕಲ್ಯದ ಪ್ರಮಾಣ ಖಚಿತವಾಗುವ ಮೊದಲು ಒಪ್ಪುವುದು ಸರಿಯಲ್ಲ. ನ್ಯಾಯಮಂಡಳಿಯ ತೀರ್ಪಿನ ವಿರುದ್ಧವಾದರೆ 90 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು. 2013ರಿಂದ ಕಲಬುರಗಿಯಲ್ಲಿ ಕಾಯಂ ಪೀಠವಿರುವುದರಿಂದ ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ.

ತೀರ್ಪಾದ 30 ದಿನಗಳೊಳಗೆ ಹಣ ಠೇವಣಿಯಾಗಬೇಕು. ಆಗದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು 174ನೇ ಕಲಮು ಅವಕಾಶ ಕೊಡುತ್ತದೆ. ಕೋರ್ಟಿನ ಅಮೀನರು ನಿಲ್ದಾಣಕ್ಕೇ ಬಂದು ನಿಗಮದ ಬಸ್ ಜಪ್ತಿ ಮಾಡಿದ ಸುದ್ದಿಗಳು ರಾಜ್ಯದ ಪತ್ರಿಕೆಗಳಲ್ಲಿ ಆಗಾಗ ಬರುವುದು ಇಂತಹ ಬಾಕಿಗಳಿಂದಲೇ. ಹಣ ಬಂದ ಮೇಲೂ ಅದರ ಒಂದು ಭಾಗವನ್ನು ಗಾಯಾಳುವಿನ ಹೆಸರಿನಲ್ಲಿ ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ ಇರಿಸುವಂತೆ ನ್ಯಾಯಮಂಡಳಿ ಸಾಮಾನ್ಯವಾಗಿ ಆದೇಶಿಸುತ್ತದೆ. ಮರುಶಸ್ತ್ರಚಿಕಿತ್ಸೆಗೋ ಮಕ್ಕಳ ಓದಿಗೋ ಹಣ ಬೇಕಾದಾಗ, ಠೇವಣಿಯ ಅವಧಿ ಮುಗಿಯುವ ಮೊದಲೇ ಅದನ್ನು ಬಿಡಿಸಿಕೊಡುವಂತೆ ಅದೇ ನ್ಯಾಯಮಂಡಳಿಗೆ ಕಾರಣ ತೋರಿಸಿ ಅರ್ಜಿ ಸಲ್ಲಿಸಬಹುದು. ಬಡ್ಡಿಗೆ ಸಾಲ ತರುವ ಮುನ್ನ ಗಾಯಾಳುವಿನ ಮನೆಯವರು ಈ ಅರ್ಜಿಯ ಬಗ್ಗೆ ವಕೀಲರನ್ನು ಕೇಳಬೇಕು.