ಪ್ರೊಸೆಸರಿನ ವೇಗವರ್ಧನೆ: ಬಯಕೆಯೂ ಎಚ್ಚರಿಕೆಯೂ

ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬನು, “ಸರ್, ದುಡ್ಡು ಖರ್ಚು ಮಾಡದೆ ಮನೆಯ ಕಂಪ್ಯೂಟರಿನ ವೇಗವನ್ನು ಹೆಚ್ಚಿಸಬಹುದಂತೆ, ನಿಜವೆ?” ಎಂದು ಕೇಳಿದನು. ಅವನ ತಂದೆ ಅಡಿಕೆ ಮಾರಿದ ಹಣದಿಂದ ಕೊಂಡ ಯಂತ್ರವದು. ನಿಜವೆಂದೆವು, ಅರ್ಧ ತಿಳಿದು ಕೈಹಾಕಬೇಡವೆಂದೂ ಹೇಳಿದೆವು. ಉಳಿದರ್ಧವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕಂಪ್ಯೂಟರಿನ ಮೆದುಳೆನಿಸಿದ ಪ್ರೊಸೆಸರು ಒಂದು ಮಿಡಿತಕ್ಕೆ ಅನುಸಾರವಾಗಿ ಕೆಲಸ ಮಾಡುತ್ತದೆ. ಮೂಲ ಮಿಡಿತವು ಸಾಮಾನ್ಯವಾಗಿ ಸೆಕೆಂಡಿಗೆ 10 ಕೋಟಿ, ಎಂದರೆ 100 ಮೆಗಾಹರ್ಟ್ಸ್. ಇದನ್ನು ಗುಣಕವೊಂದರಿಂದ ಗುಣಿಸಿದರೆ ಪ್ರೊಸೆಸರಿನ ವೇಗ ದೊರೆಯುತ್ತದೆ. ಗುಣಕವು 40 ಆದರೆ 4000. 42 ಆದರೆ 4200. ತಯಾರಕರು ಗೊತ್ತುಮಾಡಿದ ವೇಗವನ್ನು ಹೀಗೆ ಮೀರಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ವೇಗ ಹೆಚ್ಚಿದಂತೆ ಶಾಖವೂ ಹೆಚ್ಚುವುದು. ಶಾಖವು ವೇಗಕ್ಕೆ ಅನುಪಾತವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತವಾಗಿಯೂ ಏರುತ್ತದೆ. ವೇಗವನ್ನು ಶೇಕಡ 5ರಷ್ಟು, ವೋಲ್ಟೇಜನ್ನು ಶೇಕಡ 10ರಷ್ಟು ಏರಿಸಿದರೆ ಶಾಖವು ಸುಮಾರು ಶೇಕಡ 27ರಷ್ಟು ಏರುವುದು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ.

ಎಲ್ಲ ಯಂತ್ರಗಳಿಗೂ ಇದು ಸಲ್ಲದು. ಇಂಟೆಲ್ ಪ್ರೊಸೆಸರುಗಳಲ್ಲಿ ಹೆಸರಿನ ಕೊನೆಗೆ ‘ಕೆ’ ಅಕ್ಷರವುಳ್ಳವೂ, ಎಎಂಡಿ ಸಂಸ್ಥೆಯ ರೈಜನ್‌ಗಳಲ್ಲಿ ಬಹುತೇಕವೂ ಗುಣಕ ಬದಲಿಸಲು ಎಡೆಗೊಡುತ್ತವೆ. ಅದಕ್ಕೆ ತಕ್ಕ ಮದರ್‌ಬೋರ್ಡೂ ಇರಬೇಕು. ಲ್ಯಾಪ್‌ಟಾಪುಗಳ ಗೊಡವೆಗೆ ಹೋಗಬಾರದು.

ಕ್ರಮವನ್ನು ಹೇಳುತ್ತೇವೆ. ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿರಿ; ಫ್ಯಾನಿನ ಧೂಳನ್ನು ತೆಗೆಯಿರಿ; ಪೂರ್ಣ ಕೆಲಸದಲ್ಲಿರುವಾಗಿನ ಉಷ್ಣತೆಯನ್ನು ಬರೆದಿಟ್ಟುಕೊಳ್ಳಿರಿ. ಅನಂತರ ಬಯಾಸ್ ಪುಟದಲ್ಲಿ ಗುಣಕವನ್ನು ಒಂದೇ ಮೆಟ್ಟಿಲು ಏರಿಸಿರಿ. ಪ್ರೈಮ್95ರಂತಹ ಪರೀಕ್ಷಾ ತಂತ್ರಾಂಶವನ್ನು ಅರ್ಧ ಗಂಟೆ ನಡೆಸಿರಿ. ಉಷ್ಣತೆ 85 ಡಿಗ್ರಿ ಸೆಲ್ಸಿಯಸ್ ಮೀರಿದರೆ, ತಪ್ಪು ಕಾಣಿಸಿದರೆ, ಯಂತ್ರ ಸ್ತಬ್ಧವಾದರೆ ಹಿಂದಿನ ಮೆಟ್ಟಿಲಿಗೆ ಮರಳಿರಿ. ಅಲ್ಲಿಯೇ ನಿಂತು ಹಲವು ಗಂಟೆ ಪರೀಕ್ಷಿಸಿರಿ. ಹೊಸಬರು ವೋಲ್ಟೇಜನ್ನು ಏರಿಸಲೇಬಾರದು. ಮದರ್‌ಬೋರ್ಡು ತಾನಾಗಿಯೇ ಏರಿಸುತ್ತಿರುವುದೆ ಎಂಬುದನ್ನೂ ಗಮನಿಸಬೇಕು. ಯಂತ್ರ ಆರಂಭವಾಗದಿದ್ದರೆ ಹೆದರಬೇಕಿಲ್ಲ. ವಿದ್ಯುತ್ ತಂತಿಯನ್ನು ಕಳಚಿ, ಮದರ್‌ಬೋರ್ಡಿನ ನಾಣ್ಯದಂತಹ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಸಾಮಾನ್ಯವಾಗಿ ಹಳೆಯ ಸ್ಥಿತಿಯೇ ಮರಳುವುದು.

ಅತಿ ವೋಲ್ಟೇಜಿನ ಕೇಡಿಗೆ ನಿದರ್ಶನವೂ ಉಂಟು. 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಸ್ಥಿರವಾಗಲು ಮಿತಿಮೀರಿದ ವೋಲ್ಟೇಜು ಕಾರಣವೆಂದು ಇಂಟೆಲ್ 2024ರಲ್ಲಿ ತಾನೇ ಒಪ್ಪಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ತಯಾರಕರ ತಪ್ಪಿಗೆ ತಯಾರಕರು ಹೊಣೆ. ನಾವು ವೇಗ ಹೆಚ್ಚಿಸಿ ಕೆಡಿಸಿದುದಕ್ಕೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸದು.

ಇಷ್ಟಕ್ಕೂ ಲಾಭವೆಷ್ಟು? ಇಂದಿನ ಪ್ರೊಸೆಸರುಗಳು ಅಗತ್ಯ ಬಿದ್ದಾಗ ತಾವಾಗಿಯೇ ವೇಗವನ್ನು ಏರಿಸಿಕೊಳ್ಳುವುದರಿಂದ ಸಿಗುವ ಲಾಭ ಅಲ್ಪ. ಹಳೆಯ ಹಾರ್ಡ್‌ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ಹಾಕಿದರೆ ಕಣ್ಣಿಗೆ ಕಾಣುವ ವ್ಯತ್ಯಾಸವಾದೀತು. ನಮ್ಮ ಹುಡುಗನಿಗೂ ಇದನ್ನೇ ಹೇಳಿದೆವು. ಕಲಿಯುವ ಕುತೂಹಲದಿಂದ ಮಾಡುವುದಾದರೆ ತಂದೆತಾಯಂದಿರ ಒಪ್ಪಿಗೆ ಪಡೆದು ಮಾಡಲಿ. ಪೋಷಕರೂ ಗದರಿಸಿ ಕಳುಹಿಸದೆ, ಉಷ್ಣತೆಯ ಅಂಕಿಗಳನ್ನು ಬರೆದುಕೊಳ್ಳುತ್ತ ಪಕ್ಕದಲ್ಲಿ ಕುಳಿತರೆ, ಯಂತ್ರವೂ ಉಳಿದೀತು, ಮಗುವಿನ ಜಿಜ್ಞಾಸೆಯೂ ಉಳಿದೀತು.